ಲಂಡನ್ನಿನ ಮೂರು ಕ್ಯಾಥೆಡ್ರಲ್‌ಗಳು

ಲಂಡನ್ನಿಗೆ ಹೋಗಿ ಬಂದವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ ತೆರನಾಗಿರುತ್ತದೆ. ಅರಮನೆಯ ಮುಂದೆ ಕೆಂಪಂಗಿಯ ಕಾವಲುಗಾರರು, ಬಿಗ್ ಬೆನ್ ಗಡಿಯಾರ, ಹಡಗು ಬಂದರೆ ಎರಡಾಗಿ ಮೇಲೇಳುವ ಟವರ್ ಬ್ರಿಜ್, ಕೋಟೆಯೊಳಗಿನ ಕೊಹಿನೂರು. ಇವೆಲ್ಲ ನೋಡತಕ್ಕವೇ ಸರಿ. ಆದರೆ ಆ ಊರಿನ ಸುಖ-ದುಃಖ, ಅದು ಸುಟ್ಟು ಹೋದದ್ದು, ಮತ್ತೆ ಎದ್ದು ನಿಂತದ್ದು, ಅಲ್ಲಿನ ಹೆಣ್ಣುಮಕ್ಕಳು ನಡೆದು ಬಂದ ದಾರಿ ಇವೆಲ್ಲ ಒಂದೇ ಕಡೆ ಕಾಣಬೇಕಾದರೆ ಅಲ್ಲಿನ ಕ್ಯಾಥೆಡ್ರಲ್‌ಗಳ ಒಳಗೆ ಕಾಲಿಡಬೇಕು.

ಕಳೆದ ವರ್ಷ ಬೇಸಿಗೆಯಲ್ಲಿ ನನ್ನ ತಮ್ಮನ ಮನೆಗೆಂದು ನಾನು ಮತ್ತು ನಮ್ಮ ಅತ್ತೆಯವರು ಲಂಡನ್ನಿಗೆ ಹೋಗಿದ್ದೆವು. ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಮೊಣಕಾಲು ನೋವು ಬೇರೆ. ಆದರೂ ಗುಡಿ ಎಂದರೆ ಯಾವ ದೇವರದಾದರೂ ಸರಿ, ಮುಂದಾಗುವವರು. ಹೀಗಾಗಿ ನಾವು ಮೂರು ಕ್ಯಾಥೆಡ್ರಲ್‌ಗಳನ್ನು ಸಾವಕಾಶವಾಗಿ ನೋಡಿದೆವು. ಸೋದರಿಯರೇ, ನೋಡಿದ್ದನ್ನೂ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತಿದ್ದೇನೆ.

ಚರ್ಚು ಬೇರೆ, ಕ್ಯಾಥೆಡ್ರಲ್ ಬೇರೆ

ದೊಡ್ಡ ಚರ್ಚಿಗೆಲ್ಲ ಕ್ಯಾಥೆಡ್ರಲ್ ಎನ್ನುವುದಿಲ್ಲ. 'ಕ್ಯಾಥೆಡ್ರಾ' ಎಂದರೆ ಪೀಠ. ಒಂದು ಸೀಮೆಯ ಚರ್ಚುಗಳಿಗೆಲ್ಲ ಹಿರಿಯರಾದ ಬಿಷಪ್ಪರು ಕೂಡುವ ಪೀಠ ಎಲ್ಲಿದೆಯೋ ಅದೇ ಕ್ಯಾಥೆಡ್ರಲ್. ನಮ್ಮಲ್ಲಿ ಮಠಕ್ಕೂ ಪೀಠಕ್ಕೂ ಇರುವ ನಂಟಿನ ಹಾಗೆ ಎಂದರೆ ಥಟ್ಟನೆ ತಿಳಿಯುತ್ತದೆ. ರಾಜರ ಪಟ್ಟಾಭಿಷೇಕ ನಡೆಯುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಎಷ್ಟೇ ಭವ್ಯವಾಗಿದ್ದರೂ ಈಗ ಕ್ಯಾಥೆಡ್ರಲ್ ಅಲ್ಲ, ಏಕೆಂದರೆ ಅಲ್ಲಿ ಬಿಷಪ್ಪರ ಪೀಠವಿಲ್ಲ. ನಾವು ನೋಡಿದ ಮೂರರಲ್ಲಿ ಸೇಂಟ್ ಪಾಲ್ಸ್ ಮತ್ತು ಸದರ್ಕ್ ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ಚರ್ಚಿಗೆ ಸೇರಿದವು. ವೆಸ್ಟ್‌ಮಿನ್‌ಸ್ಟರ್ ಕ್ಯಾಥೆಡ್ರಲ್ ರೋಮಿನ ಪೋಪರನ್ನು ಒಪ್ಪುವ ಕ್ಯಾಥೊಲಿಕರದು.

ಒಲೆಯಿಂದ ಎದ್ದ ಬೆಂಕಿ

ಸೇಂಟ್ ಪಾಲ್ಸ್ ಇರುವ ಜಾಗದಲ್ಲಿ ಕ್ರಿ.ಶ. 604ರಿಂದಲೂ ಒಂದಲ್ಲ ಒಂದು ಚರ್ಚು ಇದೆ. ಈಗಿನದಕ್ಕೆ ಹಿಂದೆ ಇದ್ದ ಹಳೆಯ ಕ್ಯಾಥೆಡ್ರಲ್ಲನ್ನು ನುಂಗಿದ್ದು ಒಂದು ಅಡಿಗೆ ಮನೆಯ ಬೆಂಕಿ ಎಂದರೆ ನಂಬುತ್ತೀರಾ? 1666ರ ಸೆಪ್ಟೆಂಬರ್ 2ರಂದು, ಬೆಳಗಾಗುವುದಕ್ಕೆ ಮುಂಚೆ, ಪುಡಿಂಗ್ ಲೇನ್ ಎಂಬ ಓಣಿಯಲ್ಲಿ ಥಾಮಸ್ ಫ್ಯಾರಿನರ್ ಎಂಬ ರೊಟ್ಟಿ ಸುಡುವವನ ಮನೆಗೆ ಬೆಂಕಿ ಬಿತ್ತು. ಮನೆಯವರು ಮೇಲಿನ ಕಿಟಕಿಯಿಂದ ಪಕ್ಕದ ಮನೆಗೆ ದಾಟಿ ಬದುಕಿಕೊಂಡರು. ಮನೆಗೆಲಸದ ಹುಡುಗಿಯೊಬ್ಬಳು ಮಾತ್ರ ಹೆದರಿ ಹಿಂದೆಯೇ ಉಳಿದಳು. ಆ ದೊಡ್ಡ ಬೆಂಕಿಗೆ ಮೊದಲ ಬಲಿ ಅವಳೇ. ರೊಟ್ಟಿಯವನ ಹೆಸರು ಚರಿತ್ರೆಯಲ್ಲಿ ಉಳಿಯಿತು, ಅವಳ ಹೆಸರು ಉಳಿಯಲಿಲ್ಲ.

ನಾಲ್ಕು ದಿನ ಉರಿದ ಬೆಂಕಿಯಲ್ಲಿ 13,000ಕ್ಕೂ ಹೆಚ್ಚು ಮನೆಗಳು, 87 ಚರ್ಚುಗಳು ಹೋದವು. ಪುಸ್ತಕ ವ್ಯಾಪಾರಿಗಳು ಕಲ್ಲಿನ ಕಟ್ಟಡ ಗಟ್ಟಿಯೆಂದು ನಂಬಿ ಕ್ಯಾಥೆಡ್ರಲ್ಲಿನ ನೆಲಮಾಳಿಗೆಯಲ್ಲಿ ಪುಸ್ತಕಗಳನ್ನು ತುಂಬಿಟ್ಟಿದ್ದರು. ಅವೂ ಬೂದಿಯಾದವು. ಮಾಳಿಗೆಯ ಸೀಸ ಕರಗಿ ಬೀದಿಯಲ್ಲಿ ಹೊಳೆಯಾಗಿ ಹರಿಯಿತಂತೆ.

ಹೊಸದನ್ನು ಕಟ್ಟುವ ಭಾರ ಸರ್ ಕ್ರಿಸ್ಟೋಫರ್ ರೆನ್ ಎಂಬ ಶಿಲ್ಪಿಯ ಮೇಲೆ ಬಿತ್ತು. 1675ರಲ್ಲಿ ಕೆಲಸ ಸುರುವಾಯಿತು. ಗುಮ್ಮಟದ ನಡು ಎಲ್ಲಿ ಬರಬೇಕೆಂದು ಗುರುತು ಹಾಕಲು ರೆನ್ ಒಂದು ಕಲ್ಲು ತರಹೇಳಿದಾಗ, ಆಳು ಹಾಳುಬಿದ್ದ ರಾಶಿಯಿಂದ ಒಂದು ಒಡೆದ ಗೋರಿಕಲ್ಲು ತಂದನಂತೆ. ಅದರ ಮೇಲೆ ಉಳಿದಿದ್ದುದು ಒಂದೇ ಪದ. 'ಮತ್ತೆ ಏಳುವೆನು' ಎಂಬರ್ಥದ ಲ್ಯಾಟಿನ್ ಮಾತು. ಆ ಪದವನ್ನು ಇಂದಿಗೂ ದಕ್ಷಿಣದ ಗೋಡೆಯ ಮೇಲ್ಭಾಗದಲ್ಲಿ, ಬೂದಿಯಿಂದ ಎದ್ದು ಬರುವ ಫೀನಿಕ್ಸ್ ಹಕ್ಕಿಯ ಕೆತ್ತನೆಯ ಕೆಳಗೆ ನೋಡಬಹುದು.

ಇಷ್ಟಕ್ಕೆಲ್ಲ ಹಣ ಎಲ್ಲಿಂದ ಬಂತು? ಲಂಡನ್ನಿಗೆ ಬರುವ ಕಲ್ಲಿದ್ದಲಿನ ಮೇಲೆ ಹಾಕಿದ ಸುಂಕದಿಂದ! ಅಂದರೆ ಆ ಊರಿನ ಪ್ರತಿಯೊಬ್ಬ ಗೃಹಿಣಿಯೂ ತನ್ನ ಒಲೆ ಹೊತ್ತಿಸಿದಾಗಲೆಲ್ಲ ಈ ಗುಡಿಗೆ ಒಂದಿಷ್ಟು ಕೊಟ್ಟ ಹಾಗಾಯಿತು. ಗೋಡೆಯ ಮೇಲಿನ ದಾನಿಗಳ ಪಟ್ಟಿಯಲ್ಲಿ ಇಂಥವರ ಹೆಸರು ಎಲ್ಲಿ ಬರಬೇಕು!

ರೆನ್‌ಗೆ ವರ್ಷಕ್ಕೆ 200 ಪೌಂಡ್ ಸಂಬಳ. ಕೆಲಸ ನಿಧಾನವಾಯಿತೆಂದು 1697ರಲ್ಲಿ ಪಾರ್ಲಿಮೆಂಟು ಅದರಲ್ಲೂ ಅರ್ಧ ತಡೆಹಿಡಿಯಿತು. 1711ರಲ್ಲಿ ಕಟ್ಟಡ ಮುಗಿಯಿತೆಂದು ಸಾರಿದ ಮೇಲೆಯೇ ಬಾಕಿ ಕೈಗೆ ಬಂದದ್ದು. ಮುದುಕನಾದ ಮೇಲೂ ರೆನ್ ಬುಟ್ಟಿಯಲ್ಲಿ ಕೂತು ಹಗ್ಗದಿಂದ ಮೇಲೆ ಎಳೆಸಿಕೊಂಡು ಕೆಲಸ ನೋಡುತ್ತಿದ್ದರೆಂದು ಹೇಳುತ್ತಾರೆ. 1723ರಲ್ಲಿ ತೀರಿಕೊಂಡಾಗ ಅವರಿಗೆ 90 ವರ್ಷ.

ದೇವರ ಗುಡಿಗೆ ಟಿಕೀಟು

ಒಳಗೆ ಹೋಗಲು ದೊಡ್ಡವರಿಗೆ ಸುಮಾರು 25 ಪೌಂಡ್, ಅಂದರೆ ನಮ್ಮ 3,000 ರೂಪಾಯಿಯ ಆಚೀಚೆ ಟಿಕೀಟು. ಇದನ್ನು ಕೇಳಿ ಅತ್ತೆಯವರು ಬಾಗಿಲಲ್ಲೇ ನಿಂತುಬಿಟ್ಟರು.

"ಅಲ್ಲವಾ, ದೇವರ ಗುಡಿಯೊಳಗ ಹೋಗಾಕ ಇಷ್ಟ್ಯಾಕ ರೊಕ್ಕ? ಇಷ್ಟರಾಗ ನಮ್ಮ ಮನಿ ತಿಂಗಳ ಕಿರಾಣಿ ಬರತೈತಿ," ಎಂದರು.

"ಅತ್ತೀ, ಇದಕ್ಕ ಸರಕಾರದಿಂದ ವರ್ಷಾ ವರ್ಷಾ ರೊಕ್ಕ ಬರೂದಿಲ್ಲ. ಮಾಳಿಗಿ ಸೋರಿದ್ರೂ ಇವರ ನೋಡ್ಕೋಬೇಕು," ಎಂದ ನನ್ನ ತಮ್ಮ. "ಆದರ ಪ್ರಾರ್ಥನಾಕ್ಕ ಬಂದವರಿಗೆ ಒಂದು ಪೈಸಾನೂ ಇಲ್ಲ."

ಅತ್ತೆಯವರು ಹಾಗಾದರೆ ತಾವು ಸಂಜೆಯ ಪ್ರಾರ್ಥನೆಗೇ ಬರುತ್ತೇವೆಂದು ಹಟ ಹಿಡಿದರು. ಹಾಗೇ ಆಯಿತು. ಆ ದಿನ ತಮ್ಮನ ಜೊತೆ ಹೊರಗೆ ಮೆಟ್ಟಿಲ ಮೇಲೆ ಬಿಸಿಲು ಕಾಯುತ್ತ ಕೂತರು. ನಾನೊಬ್ಬಳೇ ಒಳಗೆ ಹೋದೆ. ನಮ್ಮಲ್ಲೂ ದೊಡ್ಡ ಕ್ಷೇತ್ರಗಳಲ್ಲಿ ವಿಶೇಷ ದರ್ಶನಕ್ಕೆ ಚೀಟಿ ಇದ್ದೇ ಇದೆ. ಅಲ್ಲಿ ದುಡ್ಡು ಕೊಟ್ಟವರು ದೇವರ ಹತ್ತಿರ ಬೇಗ ಹೋಗುತ್ತಾರೆ. ಇಲ್ಲಿ ನೋಡಲು ಬಂದವರು ಕೊಡುತ್ತಾರೆ, ಬೇಡಲು ಬಂದವರು ಕೊಡುವುದಿಲ್ಲ. ಯಾವುದು ಸರಿ ಎಂಬುದನ್ನು ನೀವೇ ಯೋಚಿಸಿ.

ನಮ್ಮ ಗೋಳಗುಮ್ಮಟವೂ ಅವರ ಗುಮ್ಮಟವೂ

ನಾನು ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ. ಹೀಗಾಗಿ ಗುಮ್ಮಟ ಕಂಡರೆ ಅಳತೆ ಕೇಳುವುದು ನನ್ನ ಚಟ. ಸೇಂಟ್ ಪಾಲ್ಸ್ ನೆಲದಿಂದ ತುದಿಯ ಶಿಲುಬೆಯವರೆಗೆ 365 ಅಡಿ. ಎತ್ತರದಲ್ಲಿ ನಮ್ಮದನ್ನು ಮೀರಿಸುತ್ತದೆ. ಆದರೆ ಅಗಲದಲ್ಲಿ ನಮ್ಮದೇ ಮೇಲು! 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಗೋರಿಯ ಮೇಲಿರುವ ಗೋಳಗುಮ್ಮಟದ ಒಳ ಅಡ್ಡಳತೆ ಸುಮಾರು 124 ಅಡಿ. ಲಂಡನ್ನಿನದು ಅದಕ್ಕಿಂತ ಕಡಿಮೆ. ನೆನಪಿಡಿ, ನಮ್ಮವರು ಅದನ್ನು ನಿಲ್ಲಿಸಿದ್ದು ಲಂಡನ್ ಸುಡುವುದಕ್ಕಿಂತ ಮುಂಚೆ.

ಕಟ್ಟುವ ಉಪಾಯದಲ್ಲಿ ಮಾತ್ರ ಎರಡೂ ಬೇರೆ ಬೇರೆ. ಗೋಳಗುಮ್ಮಟದ್ದು ಒಂದೇ ದಪ್ಪ ಚಿಪ್ಪು. ರೆನ್ ಮಾಡಿದ್ದು ಮೂರು ಪದರ. ಒಳಗಿನಿಂದ ಕಾಣುವುದು ಬೋಗುಣಿ ಬೋರಲು ಹಾಕಿದಂಥ ಇಟ್ಟಿಗೆಯ ಗುಮ್ಮಟ. ಅದರ ಮೇಲೆ ಯಾರ ಕಣ್ಣಿಗೂ ಬೀಳದ, ಆಲಿಕೆ ಬೋರಲಿಟ್ಟಂಥ ಇನ್ನೊಂದು ಇಟ್ಟಿಗೆಯ ಕಟ್ಟಡ. ತುದಿಯಲ್ಲಿರುವ ಸುಮಾರು 850 ಟನ್ ತೂಕದ ಕಲ್ಲಿನ ಗೋಪುರವನ್ನು ಹೊರುವುದು ಇದೇ. ಹೊರಗಿನಿಂದ ಊರಿಗೆಲ್ಲ ಕಾಣುವ ಗುಮ್ಮಟ ಮರದ ಚೌಕಟ್ಟಿಗೆ ಸೀಸದ ತಗಡು ಹೊದಿಸಿದ್ದು ಅಷ್ಟೇ. ಬುಡ ಹಿಗ್ಗದಂತೆ ಸುತ್ತಲೂ ಕಬ್ಬಿಣದ ಸರಪಳಿ ಬಿಗಿದಿದ್ದಾರೆ. ಎಲ್ಲರಿಗೂ ಕಾಣುವುದು ಒಂದು, ಭಾರ ಹೊರುವುದು ಇನ್ನೊಂದು! ಎಷ್ಟೋ ಮನೆಗಳ ಸಂಗತಿಯೂ ಹೀಗೇ ಅಲ್ಲವೇ?

257 ಮೆಟ್ಟಿಲು ಏರಿದರೆ ಪಿಸುಮಾತಿನ ಮೊಗಸಾಲೆ. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಆಡಿದ ಮಾತು ಗೋಡೆಗುಂಟ ಹರಿದು ಆಚೆ ಬದಿಯವರ ಕಿವಿಗೆ ಬೀಳುತ್ತದೆ. ಗೋಳಗುಮ್ಮಟ ಕಂಡವರಿಗೆ ಇದು ಹೊಸದಲ್ಲ. ನಮ್ಮದು ಒಂದು ಚಪ್ಪಾಳೆಯನ್ನು ಹಲವು ಸಲ ತಿರುಗಿ ಕೊಡುತ್ತದೆ. ಈ ಮೊಗಸಾಲೆಯನ್ನು ಎಲ್ಲ ಕಾಲಕ್ಕೂ ತೆರೆದಿಟ್ಟಿರುವುದಿಲ್ಲ, ಹೋಗುವಾಗ ವಿಚಾರಿಸಿ. 376 ಮೆಟ್ಟಿಲಿಗೆ ಹೊರಗಿನ ಕಲ್ಲಿನ ಮೊಗಸಾಲೆ, 528ಕ್ಕೆ ತೀರ ತುದಿಯದು. ನಾನು 376ರವರೆಗೆ ಏರಿದೆ. ಸೀರೆ ಎತ್ತಿ ಕಟ್ಟಿಕೊಂಡು, ನಡುನಡುವೆ ಉಸಿರು ಬಿಡುತ್ತ. ಮೇಲೆ ಗಾಳಿಗೆ ಎದೆಯೊಡ್ಡಿ ನಿಂತಾಗ ಥೇಮ್ಸ್ ನದಿ, ಸೇತುವೆಗಳು, ಊರಿಗೆ ಊರೇ ಕಾಲಡಿಗೆ.

ಇದೇ ಮಾಳಿಗೆಯ ಮೇಲೆ ಎರಡನೆಯ ಮಹಾಯುದ್ಧದಲ್ಲಿ ರಾತ್ರಿಯೆಲ್ಲ ಕಾವಲಿದ್ದವರು ಸ್ವಯಂಸೇವಕರು. 1940ರ ಡಿಸೆಂಬರ್ 29ರ ರಾತ್ರಿ ಜರ್ಮನ್ ವಿಮಾನಗಳು ಬೆಂಕಿ ಬಾಂಬಿನ ಮಳೆಗರೆದಾಗ ಒಂದು ಬಾಂಬು ಗುಮ್ಮಟದ ಸೀಸದಲ್ಲೇ ನಾಟಿತು. ಸೀಸ ಕರಗತೊಡಗಿತು. ಇನ್ನೇನು ಒಳಗಿನ ಮರಕ್ಕೆ ಬೆಂಕಿ ತಗಲಬೇಕು, ಅಷ್ಟರಲ್ಲಿ ಬಾಂಬು ಸಡಿಲಗೊಂಡು ಹೊರಗಿನ ಮೊಗಸಾಲೆಗೆ ಬಿತ್ತು. ಅದನ್ನು ಆರಿಸಿದರು. ಸುತ್ತಲಿನ ಓಣಿಗಳು ಸುಟ್ಟು ಕರಕಲಾದವು, ಗುಮ್ಮಟ ಉಳಿಯಿತು.

ನೆಲಮಾಳಿಗೆಯಲ್ಲಿ ಶ್ರೀರಂಗಪಟ್ಟಣದ ನೆನಪು

ಕೆಳಗಿನ ನೆಲಮಾಳಿಗೆ ಗೋರಿಗಳ ಊರು. ರೆನ್‌ರ ಗೋರಿ ಒಂದು ಸಾದಾ ಚಪ್ಪಡಿ. ಅವರ ಸ್ಮಾರಕ ಬೇಕಾದರೆ ಸುತ್ತಲೂ ಕಣ್ಣಾಡಿಸಿ ಎಂಬರ್ಥದ ಬರಹ ಅಲ್ಲಿದೆ. ಹತ್ತಿರದಲ್ಲೇ 1702ರಲ್ಲಿ ತೀರಿಹೋದ ಅವರ ಮಗಳು ಜೇನ್‌ಳ ಸ್ಮಾರಕ. ಅವಳು ಸಂಗೀತ ಬಲ್ಲವಳು. ಆರ್ಗನ್ ನುಡಿಸುತ್ತಿರುವಂತೆ ಕೆತ್ತಿದ್ದಾರೆ. ನೌಕಾಪತಿ ನೆಲ್ಸನ್ನರ ಕಪ್ಪು ಅಮೃತಶಿಲೆಯ ಪೆಟ್ಟಿಗೆಯ ಕತೆ ತಮಾಷೆಯದು. ಅದು ಕಾರ್ಡಿನಲ್ ವುಲ್ಸಿ ಎಂಬ ಧರ್ಮಾಧಿಕಾರಿ ತನಗಾಗಿ ಮಾಡಿಸಿಕೊಂಡದ್ದು. ಅವನ ಮೇಲೆ ರಾಜನ ಸಿಟ್ಟಾಗಿ, ಪೆಟ್ಟಿಗೆ ಸುಮಾರು ಮುನ್ನೂರು ವರ್ಷ ಯಾರಿಗೂ ಆಗದೆ ಬಿದ್ದಿತ್ತು.

ಮುಂದಿನ ದೊಡ್ಡ ಗೋರಿಯ ಎದುರು ಮಾತ್ರ ನನ್ನ ಕಾಲು ತಾನಾಗಿ ನಿಂತಿತು. ಅದು ಡ್ಯೂಕ್ ಆಫ್ ವೆಲಿಂಗ್ಟನ್ನನದು. 1815ರಲ್ಲಿ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೆಂದು ಜಗತ್ತು ಅವನನ್ನು ಬಲ್ಲುದು. ನಮಗೆ ಅವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1799ರಲ್ಲಿ ಟಿಪ್ಪು ಸುಲ್ತಾನನ ಮೇಲೆ ಬಂದ ಸೈನ್ಯದಲ್ಲಿ ನಿಜಾಮನ ಪಡೆಗೆ ಮುಖ್ಯಸ್ಥನಾಗಿದ್ದವನು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ನಡೆಸಿದವನೂ ಅವನೇ. ಶಾಲೆಯ ಪ್ರವಾಸದಲ್ಲಿ ನಾವೆಲ್ಲ ನೋಡಿದ ದರಿಯಾ ದೌಲತ್ ಬಾಗಿನಲ್ಲಿ ಅವನು ವಾಸವಾಗಿದ್ದ. ಚನ್ನಗಿರಿಯ ಧೋಂಡಿಯಾ ವಾಘ್ ತಿರುಗಿಬಿದ್ದಾಗ ತುಂಗಭದ್ರೆ, ಮಲಪ್ರಭೆ ದಾಟಿ ಅಟ್ಟಿಸಿಕೊಂಡು ಹೋಗಿ 1800ರ ಸೆಪ್ಟೆಂಬರಿನಲ್ಲಿ ಕೊಂದದ್ದೂ ಇವನ ದಂಡೇ. ಆ ಮೇಲೆ ಸಾಮಾನುಗಳ ನಡುವೆ ಸಿಕ್ಕ ಧೋಂಡಿಯಾನ ನಾಲ್ಕು ವರ್ಷದ ಮಗು ಸಲಾಬತ್ ಖಾನನನ್ನು ಇವನೇ ಕರೆತಂದು, ಅದರ ಪಾಲನೆಗೆ ಹಣವನ್ನೂ ಇರಿಸಿದ.

ಇದೇ ಕ್ಯಾಥೆಡ್ರಲ್ಲಿನಲ್ಲಿ ಕಾರ್ನ್‌ವಾಲಿಸನ ಸ್ಮಾರಕವೂ ಇದೆ. 1792ರಲ್ಲಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದವನು. ಅವರ ನಾಡಿಗೆ ಇವರು ವೀರರು. ಒತ್ತೆ ಹೋದ ಮಕ್ಕಳ ತಾಯಂದಿರಿಗೆ ಏನಾಗಿದ್ದರು? ಅಮೃತಶಿಲೆ ಎಷ್ಟು ನುಣುಪಾಗಿದ್ದರೂ ಆ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. ಕೈ ಮುಗಿಯಲೂ ಇಲ್ಲ, ಬೈಯಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತು ಮುಂದೆ ನಡೆದೆ.

ಮದುಮಗಳ ಸೆರಗು, ದಾದಿಯ ಪೀಠ

1981ರ ಜುಲೈ 29ರಂದು ಡಯಾನಾ ಮದುವೆಯಾದದ್ದು ಇಲ್ಲಿಯೇ. ನಾನಾಗ ತೊಟ್ಟಿಲ ಕೂಸು. ಆದರೆ ಅತ್ತೆಯವರಿಗೆ ಪತ್ರಿಕೆಯಲ್ಲಿ ಬಂದ ಚಿತ್ರಗಳು ಚೆನ್ನಾಗಿ ನೆನಪಿವೆ. ಉಡುಪಿನ ಹಿಂದೆ 25 ಅಡಿ ಉದ್ದದ ಸೆರಗು ಎಳೆಯುತ್ತ ಅವಳು ಏರಿದ ಮೆಟ್ಟಿಲು ಇವೇ ಎಂದಾಗ, "ಪಾಪ, ಅಷ್ಟುದ್ದ ಸೆರಗು ಹೊತ್ತರೂ ಸುಖ ಕಾಣಲಿಲ್ಲ ನೋಡವಾ ಆಕಿ," ಎಂದರು.

ಮರುದಿನ ಸಂಜೆಯ ಪ್ರಾರ್ಥನೆಗೆ ಅತ್ತೆಯವರೂ ನಾನೂ ಹೋದೆವು. ಯಾರೂ ಜಾತಿ-ಮತ ಕೇಳಲಿಲ್ಲ, ಕುರ್ಚಿ ತೋರಿಸಿದರು. ಮೇಳದವರ ಹಾಡು ಗುಮ್ಮಟದೊಳಗೆ ಸುತ್ತಿ ಸುತ್ತಿ ಇಳಿದು ಬರುವಾಗ ಭಾಷೆ ತಿಳಿಯದ ಅತ್ತೆಯವರೂ ಕಣ್ಣು ಮುಚ್ಚಿ ಕೂತಿದ್ದರು. ಈ ಮೇಳದಲ್ಲಿ ಸುಮಾರು 900 ವರ್ಷ ಗಂಡುಹುಡುಗರಿಗೆ ಮಾತ್ರ ಸ್ಥಾನವಿತ್ತು. ಈಚಿನ ವರ್ಷಗಳಲ್ಲಿ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡಿದ್ದಾರೆ.

ಅದಕ್ಕಿಂತ ದೊಡ್ಡ ಸಂಗತಿ ಬಿಷಪ್ಪರ ಪೀಠದ್ದು. 2018ರಲ್ಲಿ ಆ ಪೀಠವನ್ನು ಮೊದಲ ಬಾರಿಗೆ ಒಬ್ಬ ಹೆಂಗಸು ಏರಿದರು. ಅವರು ಸಾರಾ ಮಲ್ಲಾಲಿ. ಮೊದಲು ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು, 1999ರಲ್ಲಿ ಇಂಗ್ಲೆಂಡಿನ ದಾದಿಯರಿಗೆಲ್ಲ ಮುಖ್ಯಸ್ಥರಾದವರು. ಎರಡು ಮಕ್ಕಳ ತಾಯಿ. ಪೀಠವೇರಿದ ದಿನ ಮೇ 12, ದಾದಿಯರ ದಿನ. 2025ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಚರ್ಚಿನ ಅತ್ಯುನ್ನತ ಸ್ಥಾನವಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಪದವಿಗೆ ಅವರ ಹೆಸರನ್ನೇ ಸಾರಿದರು. ಆ ಪದವಿಗೂ ಅವರೇ ಮೊದಲ ಮಹಿಳೆ. ಇದನ್ನು ವಿವರಿಸಿದಾಗ ಅತ್ತೆಯವರು, "ರೋಗಿಗಳ ಮಲಮೂತ್ರ ಬಳದ ಕೈ ಅದು. ದೇವರಿಗೆ ಅದಕ್ಕಿಂತ ಮಡಿ ಕೈ ಯಾವುದೈತಿ?" ಎಂದರು. ಮಡಿಯ ವಿಷಯದಲ್ಲಿ ಬಲು ಕಟ್ಟುನಿಟ್ಟಿನ ನಮ್ಮ ಅತ್ತೆಯವರ ಬಾಯಿಂದ ಈ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ.

ನದಿಯಾಚೆಯ ಸದರ್ಕ್

ಸೇಂಟ್ ಪಾಲ್ಸ್ ಮುಂದಿನಿಂದಲೇ ಕಾಲುಸೇತುವೆ ಹಿಡಿದು ಥೇಮ್ಸ್ ದಾಟಬಹುದು. 2000ದಲ್ಲಿ ತೆರೆದ ದಿನವೇ ಜನ ನಡೆದಾಡಿದಾಗ ತೊಟ್ಟಿಲಿನಂತೆ ತೂಗಿತೆಂದು ಮುಚ್ಚಿ, ಸರಿಪಡಿಸಿ, 2002ರಲ್ಲಿ ಮತ್ತೆ ತೆರೆದ ಸೇತುವೆ ಅದು. ದಾಟಿ ನದಿಗುಂಟ ಎಡಕ್ಕೆ ನಡೆದರೆ ಸದರ್ಕ್ ಕ್ಯಾಥೆಡ್ರಲ್. ಇಲ್ಲಿನ ಚರ್ಚು 1106ರಿಂದ ಮಠವಾಗಿತ್ತು, ಕ್ಯಾಥೆಡ್ರಲ್ ಆದದ್ದು 1905ರಲ್ಲಿ. ಒಳಗೆ ಚೂಪು ಕಮಾನುಗಳು, ಮಲಗಿದ ಭಂಗಿಯ ಶೇಕ್ಸ್‌ಪಿಯರನ ವಿಗ್ರಹ, ಅವನ ತಮ್ಮ ಎಡ್ಮಂಡ್ 1607ರಲ್ಲಿ ಮಣ್ಣಾದ ಜಾಗ.

ಈ ಚರ್ಚಿನ ಹುಟ್ಟಿನ ಬಗ್ಗೆ ಒಂದು ದಂತಕತೆ ಇದೆ. ಸೇತುವೆ ಇಲ್ಲದ ಕಾಲದಲ್ಲಿ ಇಲ್ಲೊಬ್ಬ ದೋಣಿಯವನಿದ್ದ. ಬಲು ಜಿಪುಣ. ತಾನು ಸತ್ತಂತೆ ಮಲಗಿದರೆ ಆಳುಕಾಳು ಒಂದು ದಿನ ಉಪವಾಸವಿರುತ್ತಾರೆ, ಅಷ್ಟು ಊಟದ ಖರ್ಚು ಉಳಿಯಿತು ಎಂದು ಲೆಕ್ಕ ಹಾಕಿ ಹೆಣದಂತೆ ಮಲಗಿದ. ಆಳುಗಳಾದರೋ ಪೀಡೆ ತೊಲಗಿತೆಂದು ಉಗ್ರಾಣ ತೆರೆದು ಹಬ್ಬವನ್ನೇ ಮಾಡಿದರು. ತಡೆಯಲಾರದೆ ಅವನು ಎದ್ದು ಕೂತ. ದೆವ್ವವೆಂದು ಹೆದರಿದ ಆಳು ಹುಟ್ಟಿನಿಂದ ಹೊಡೆದು ನಿಜವಾಗಿಯೇ ಕೊಂದುಬಿಟ್ಟ! ಮಗಳು ಮೇರಿಯ ಕೈ ಹಿಡಿಯಬೇಕಾದವನೂ ಅವಸರದಿಂದ ಬರುವಾಗ ಕುದುರೆಯಿಂದ ಬಿದ್ದು ಸತ್ತ. ಒಬ್ಬಂಟಿಯಾದ ಮೇರಿ ಅಪ್ಪ ಕೂಡಿಟ್ಟ ಹಣದಿಂದ ಸನ್ಯಾಸಿನಿಯರ ಮಠ ಕಟ್ಟಿಸಿದಳಂತೆ.

ಇಲ್ಲಿಗೆ ಟಿಕೀಟಿಲ್ಲ, ಮನಸ್ಸು ಬಂದಷ್ಟು ಹುಂಡಿಗೆ ಹಾಕಬಹುದು. 2008ರಲ್ಲಿ ಬೀದಿಯಿಂದ ಬಂದು ಸೇರಿದ ಡೋರ್ಕಿನ್ಸ್ ಎಂಬ ಹೆಣ್ಣುಬೆಕ್ಕು ಹಲವು ವರ್ಷ ಇಲ್ಲೇ ಇತ್ತು. 2020ರಲ್ಲಿ ಅದು ಸತ್ತಾಗ ಕ್ಯಾಥೆಡ್ರಲ್ಲಿನಲ್ಲೇ ಕೃತಜ್ಞತೆಯ ಪ್ರಾರ್ಥನೆ ನಡೆಸಿದರು.

ಅಂಗಳದಲ್ಲಿ ಒಂದು ಆಲಿವ್ ಗಿಡವಿದೆ. 2017ರ ಜೂನ್ 3ರಂದು ಪಕ್ಕದ ಸೇತುವೆ ಮತ್ತು ಬರೋ ಮಾರ್ಕೆಟ್ಟಿನಲ್ಲಿ ಭಯೋತ್ಪಾದಕರು ಎಂಟು ಜನರನ್ನು ಕೊಂದರು. ಜನ ತಂದಿಟ್ಟ ಹೂಗಳು ಬಾಡಿದ ಮೇಲೆ ಎಸೆಯದೆ ಗೊಬ್ಬರ ಮಾಡಿ, ಆ ಗೊಬ್ಬರ ಹಾಕಿ ಈ ಗಿಡ ನೆಟ್ಟರು. ದೇವರಿಗೆ ಏರಿಸಿದ ಹೂವನ್ನು ಕಾಲಿಗೆ ಸಿಗದಂತೆ ಗಿಡದ ಬುಡಕ್ಕೆ ಹಾಕುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಅತ್ತೆಯವರು ಒಳಗೆ ಮೇಣದ ಬತ್ತಿ ಹಚ್ಚಿ ಬಂದು ಆ ಗಿಡದ ಹತ್ತಿರವೇ ಬಹಳ ಹೊತ್ತು ಕೂತರು.

ಮುಗಿಯದ ಮಾಳಿಗೆ

ಮೂರನೆಯದು ವಿಕ್ಟೋರಿಯಾ ರೈಲು ನಿಲ್ದಾಣದ ಹತ್ತಿರದ ವೆಸ್ಟ್‌ಮಿನ್‌ಸ್ಟರ್ ಕ್ಯಾಥೆಡ್ರಲ್. ಇಂಗ್ಲೆಂಡಿನಲ್ಲಿ ಕ್ಯಾಥೊಲಿಕರಿಗೆ ಬಹುಕಾಲ ಕಟ್ಟಳೆಗಳಿದ್ದವು. 1829ರ ಕಾನೂನಿನಿಂದ ಅವು ಬಹುಮಟ್ಟಿಗೆ ಹೋದವು, 1850ರಲ್ಲಿ ಅವರ ಬಿಷಪ್ಪರ ವ್ಯವಸ್ಥೆ ಮರಳಿ ಬಂತು. ಆ ಮೇಲೆ 1895ರಲ್ಲಿ, ಹಿಂದೆ ಜೈಲಿದ್ದ ಜಾಗದಲ್ಲಿ ಇದನ್ನು ಕಟ್ಟತೊಡಗಿದರು. ಕೆಂಪು ಇಟ್ಟಿಗೆ, ನಡುನಡುವೆ ಬಿಳಿ ಕಲ್ಲಿನ ಪಟ್ಟಿ, ಇಳಕಲ್ ಸೀರೆಯ ದಡಿಯ ಹಾಗೆ. ಸುಮಾರು 1 ಕೋಟಿ 25 ಲಕ್ಷ ಇಟ್ಟಿಗೆ ಹಿಡಿಯಿತಂತೆ. ಶಿಲ್ಪಿ ಬೆಂಟ್ಲಿ 1902ರಲ್ಲೇ ತೀರಿಹೋದರು. ಕಟ್ಟಿಸಿದ ಕಾರ್ಡಿನಲ್ ವಾನ್ 1903ರಲ್ಲಿ ತೀರಿಕೊಂಡು, ಅವರ ಅಂತ್ಯಕ್ರಿಯೆಯ ಪ್ರಾರ್ಥನೆಯೇ ಇಲ್ಲಿ ನಡೆದ ಮೊದಲ ದೊಡ್ಡ ಪ್ರಾರ್ಥನೆಗಳಲ್ಲಿ ಒಂದಾಯಿತು.

ಒಳಗೆ ಕೆಳಭಾಗದಲ್ಲಿ ಬಣ್ಣಬಣ್ಣದ ಅಮೃತಶಿಲೆ, ಪಕ್ಕದ ಗುಡಿಗಳಲ್ಲಿ ಬಂಗಾರದ ಹೊಳಪಿನ ಗಾಜಿನ ಚೂರುಗಳ ಚಿತ್ರ. ತಲೆಯೆತ್ತಿದರೆ ಮೇಲೆಲ್ಲ ಬರಿಯ ಕರಿ ಇಟ್ಟಿಗೆ. ಚಿತ್ರ ಹಚ್ಚುವ ಕೆಲಸ ನೂರಿಪ್ಪತ್ತು ವರ್ಷ ಕಳೆದರೂ ಮುಗಿದಿಲ್ಲ. ಆದರೂ ಪ್ರತಿದಿನ ಪೂಜೆ ನಡೆಯುತ್ತದೆ, ಜನ ಬರುತ್ತಾರೆ. ಮಧ್ಯಾಹ್ನದ ಹೊತ್ತು ಕೈಚೀಲ ಪಕ್ಕಕ್ಕಿಟ್ಟು ಮೊಣಕಾಲೂರಿ ಕೂತಿದ್ದ ಕೆಲಸದ ಹೆಂಗಸರೇ ಅಲ್ಲಿ ಹೆಚ್ಚು ಕಂಡರು. ಮನೆ ಪೂರ್ತಿಯಾಗಲಿ, ಸಾಲ ತೀರಲಿ, ಮಕ್ಕಳು ದಡ ಮುಟ್ಟಲಿ, ಆಮೇಲೆ ದೇವರು-ನೆಮ್ಮದಿ ಎಂದು ನಾವು ಮುಂದೂಡುತ್ತೇವೆ. ಆ ಕರಿ ಮಾಳಿಗೆಯ ಕೆಳಗೆ ಕೂತಾಗ ಅದು ಸರಿಯಲ್ಲ ಅನ್ನಿಸಿತು.

ಹೋಗುವವರಿಗೆ ನಾಲ್ಕು ಮಾತು

* ಸೇಂಟ್ ಪಾಲ್ಸ್‌ನಲ್ಲಿ ಭಾನುವಾರ ಪ್ರಾರ್ಥನೆಗೆ ಮಾತ್ರ ಪ್ರವೇಶ. ನೋಡಲು ಹೋಗುವವರು ವಾರದ ದಿನ, ಬೆಳಗಿನ ಹೊತ್ತು ಹೋಗಿ.
* ಖರ್ಚು ಬೇಡವೆಂದರೆ ಸಂಜೆಯ ಹಾಡಿನ ಪ್ರಾರ್ಥನೆಗೆ ಹೋಗಿ. ಸಾಮಾನ್ಯವಾಗಿ 5 ಗಂಟೆಯ ಸುಮಾರಿಗೆ. ನಡುವೆ ಎದ್ದು ಬರಬಾರದು, ಚಿತ್ರ ತೆಗೆಯಬಾರದು.
* ಚಪ್ಪಲಿ ಬಿಡುವ ಪದ್ಧತಿ ಇಲ್ಲ. ಕಲ್ಲು ನೆಲ ತಣ್ಣಗಿರುತ್ತದೆ. ಬೇಸಿಗೆಯಲ್ಲೂ ಒಂದು ಶಾಲು, ಕಾಲುಚೀಲ ಇರಲಿ.
* ಮೊಣಕಾಲು ನೋವು, ಉಬ್ಬಸ, ಎದೆಯ ತೊಂದರೆ ಇರುವವರು ಗುಮ್ಮಟ ಏರಬೇಡಿ. ಕೆಳಗೇ ನೋಡುವುದು ಬೇಕಾದಷ್ಟಿದೆ.
* ಸದರ್ಕ್ ಪಕ್ಕದ ಬರೋ ಮಾರ್ಕೆಟ್ಟಿನಲ್ಲಿ ರೊಟ್ಟಿ, ಚೀಸು, ಹಣ್ಣು ಸಿಗುತ್ತವೆ. ಬೆಲೆ ದುಬಾರಿ. ನಾವು ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಚಪಾತಿ, ಶೇಂಗಾ ಚಟ್ನಿ, ಮೊಸರು ನದಿದಂಡೆಯ ಬೆಂಚಿನ ಮೇಲೆ ಸೊಗಸಾಗಿ ಹೋದವು.

ಎಲ್ಲರಿಗೂ ಲಂಡನ್ನಿಗೆ ಹೋಗಲಾಗುವುದಿಲ್ಲ ನಿಜ. ಆದರೆ ನಮ್ಮ ನಮ್ಮ ಊರಿನ ಹಳೆಯ ಗುಡಿ, ಬಸದಿ, ಮಸೀದಿ, ಚರ್ಚುಗಳನ್ನು ನಾವು ಎಷ್ಟು ಜನ ನಿಂತು ನೋಡಿದ್ದೇವೆ? ಯಾರು ಕಟ್ಟಿದರು, ಹಣ ಎಲ್ಲಿಂದ ಬಂತು, ಕಲ್ಲು ಹೊತ್ತವರು ಯಾರು ಎಂದು ಹಿರಿಯರನ್ನು ಕೇಳಿದ್ದೇವೆಯೇ? ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಒಂದು ದಿನ ಹೊರಡಿ. ಶಾಸನ ಓದಲು ಬಾರದಿದ್ದರೂ ಚಿಂತೆಯಿಲ್ಲ. ಕೇಳುತ್ತ ಹೋದರೆ ಹೇಳುವವರು ಸಿಕ್ಕೇ ಸಿಗುತ್ತಾರೆ.